ಹನ್ನೊಂದರ ಸ್ವಸ್ಥತಾ ಕೂಟ

ತನ್ನ ಬಾಯಿಗೆ ಟೀವಿಯ ಮಾತು ಅಂಟಿಕೊಂಡುಬಿಟ್ಟಿದೆಯೇನೋ ಎಂಬ ಅಳುಕು ನಿರೀಕ್ಷಾಳನ್ನು ಬೆಳಗಿನಿಂದ ಬಿಟ್ಟಿರಲಿಲ್ಲ. ನಿನ್ನೆ ಜ್ವರ ಬಂದು ಮಲಗಿದ್ದ ತಮ್ಮನಿಗೆ, "ನಿಮ್ಮ ಕಣ್ಣೀರನ್ನು ಕರ್ತನು ಕಂಡಿದ್ದಾನೆ" ಎಂದುಬಿಟ್ಟಿದ್ದಳು. "ನಾ ಯಾವಾಗ ಅತ್ತೆ ಅಕ್ಕಾ? ಗಂಜಿ ಕೊಡು" ಎಂದು ಅವನು ನಕ್ಕಿದ್ದ. ಅದನ್ನು ಡೈರಿಯಲ್ಲಿ ಬರೆಯಲೂ ಅವಳಿಗೆ ನಾಚಿಕೆಯಾಗಿತ್ತು.

ನಾಂಪಲ್ಲಿಯ ಕ್ರೈಸ್ತ ಟೀವಿ ಚಾನೆಲ್ಲೊಂದರ ಕಚೇರಿಯಲ್ಲಿ, ನೋಡುಗರು ಕರೆ ಮಾಡುವ ಕನ್ನಡದ ಪ್ರಾರ್ಥನಾ ಫೋನು ಅವಳದು. ಬೆಳಗಿನ ಕೀರ್ತನೆ ಮುಗಿದರೆ ಅದೇ ಹಾಡು ಇನ್ನೊಮ್ಮೆ ಹಾಕಿರೆಂದು ಮುದುಕಿಯರು ಕೇಳುತ್ತಿದ್ದರು. ನೋಹನ ನಾವೆಯ ಬೊಂಬೆಯಾಟ ನೋಡಿದ ಮಕ್ಕಳಿಗೆ ಆನೆ ಎಲ್ಲಿ ಮಲಗಿತೆಂಬ ಚಿಂತೆ. ಸಂಸಾರದ ಬುದ್ಧಿಮಾತಿನ ಕಾರ್ಯಕ್ರಮದ ನಂತರ ಗಂಡಸರ ಕರೆ. ಬರೀ ಉಸಿರು ಕೇಳಿಸಿ ಕಟ್ಟಾಗುತ್ತಿತ್ತು. ಹನ್ನೊಂದಕ್ಕೆ ಪಾಸ್ಟರರು ರೋಗಿಗಳಿಗಾಗಿ ಪ್ರಾರ್ಥಿಸುವ ಸ್ವಸ್ಥತಾ ಕೂಟ ಬಂತೆಂದರೆ ಮಾತ್ರ ಫೋನಿಗೆ ಪುರುಸೊತ್ತಿಲ್ಲ.

"ಎತ್ತವಾ," ಎಂದರು ಪಕ್ಕದಲ್ಲಿ ತೆಲುಗು ಫೋನು ನೋಡಿಕೊಳ್ಳುವ ಕಮಲಾಕ್ಷಿ ಆಂಟಿ. "ಫೋನಿಗೂ ನಾಚ್ಕೊಂತಿ. ಅದಕ್ಕೇನು ಕಣ್ಣು ಅದಾವೇನು?"

ಕರೆ ಸಾಬಮ್ಮನದು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಮಲ್ಕಾಜ್‌ಗಿರಿಯ ಶೆಡ್ಡಿನಲ್ಲಿದ್ದವಳು. ಗಂಡ ಹುಸೇನಪ್ಪ ಸಾರುವೆಯಿಂದ ಬಿದ್ದು ಆಸ್ಪತ್ರೆ ಸೇರಿದಾಗಿನಿಂದ ದಿನಾ ಫೋನು ಮಾಡಿ ಅಳುತ್ತಿದ್ದಳು. ಇವತ್ತು ಅವಳ ದನಿ ಪಕ್ಕದವರಿಗೂ ಕೇಳುವಷ್ಟು ಹಿಗ್ಗಿತ್ತು.

"ತಂಗೀ, ಟೀವಿ ನೋಡಿದೇನು? ಪಾಸ್ಟರಪ್ಪ ನನ್ನೇ ಕರದ್ರು! ಕೆಂಪು ಸೀರಿ ಉಟ್ಟಾಕಿ ಒಬ್ಬಾಕಿ ಅಳಾಕತ್ತಾಳ, ಆಕಿ ಗಂಡ ಇವತ್ತ ಎದ್ದು ಮನೀಗೆ ಬರ್ತಾನ ಅಂದ್ರು. ನಾ ಕೆಂಪು ಸೀರೀನೇ ಉಟ್ಟೀನಿ ಯವ್ವಾ!"

"ಈಗ ಎಲ್ಲಿದ್ದೀರಿ?"

"ಆಟೋದಾಗ. ಅವರನ್ನ ದವಾಖಾನಿಯಿಂದ ಕರಕೊಂಡು ಬರಾಕ ಹೊಂಟೀನಿ. ನಾಳಿ ಬೆನ್ನು ಕೊಯ್ತಾರಂತ, ಅಲ್ಲೀತನಕ ಅಲುಗಾಡಿಸಬ್ಯಾಡ ಅಂತಾನ ಡಾಕ್ಟರ. ಅವಗೇನ ಗೊತ್ತು! ಹಾದ್ಯಾಗ ಏನೂ ಆಗದಂಗ ಒಂದು ಪ್ರಾರ್ಥನಾ ಮಾಡವಾ."

ಆ ಕೂಟ ವಿಜಯವಾಡದಲ್ಲಿ ರೆಕಾರ್ಡಾಗಿ ವರ್ಷವಾಗಿತ್ತು. ಪಾಸ್ಟರರ ತೆಲುಗನ್ನು ಡಬ್ಬಿಂಗಿಗೆಂದು ಕನ್ನಡಕ್ಕೆ ಇಳಿಸಿದವಳು ನಿರೀಕ್ಷಾಳೇ. ಮರುಪ್ರಸಾರವೆಂದು ಪರದೆಯ ಮೇಲೆ ಎಲ್ಲೂ ಹಾಕುತ್ತಿರಲಿಲ್ಲ.

ಸಲಹೆ ಕೊಡಕೂಡದು, ಪ್ರಾರ್ಥನೆ ಮಾತ್ರ ಎಂಬುದು ಕಚೇರಿಯ ಕಟ್ಟುನಿಟ್ಟಿನ ನಿಯಮ. ಕಮಲಾಕ್ಷಿ ಆಂಟಿ ಆಗಲೇ ತಲೆಯ ಮೇಲೆ ಸೆರಗೆಳೆದುಕೊಂಡು ಕಣ್ಣು ಮುಚ್ಚಿದ್ದರು. ಕಾಣದ ಸಾಬಮ್ಮನಿಗಾಗಿ ಅವರ ತುಟಿ ನಿಜವಾಗಿಯೂ ನಡುಗುತ್ತಿತ್ತು. ಮಾಡು ಎಂಬಂತೆ ಕೈಯಾಡಿಸಿದರು.

"ಕರುಣಾಮಯನಾದ ತಂದೆಯೇ..." ನಿರೀಕ್ಷಾ ಶುರು ಮಾಡಿದಳು.

"ಆಮೆನ್, ಆಮೆನ್," ಎಂದು ಆ ಕಡೆಯಿಂದ ಸಾಬಮ್ಮ ಪಿಸುಗುಟ್ಟಿದಳು. ಆಟೋ ಗುರ್ರೆಂದಿತು. "ಚಲೇಂಗೆ ಅಮ್ಮಾ?" ಎಂದು ಆಟೋದವನು ಹೊರಡಲು ಅವಸರಿಸಿದ.

ಮುಂದಿನ ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ನಿರೀಕ್ಷಾಳಿಗೆ ಅದನ್ನು ಹೇಳಲಾಗಲಿಲ್ಲ. ಆಂಟಿ ಕಣ್ಣು ತೆರೆದು ಅವಳನ್ನೇ ನೋಡತೊಡಗಿದರು. ಅವಳ ಕಿವಿ ಬಿಸಿಯಾಯಿತು.

"ಅಮ್ಮಾ, ಆಟೋ ಇಳೀರಿ," ಎಂದಳು, ಇಡೀ ಕೋಣೆಗೆ ಕೇಳುವಂತೆ. "ಅದು ಹ್ವಾದ ವರ್ಷದ್ದರಿ. ಪಾಸ್ಟರು ನಿಮ್ಮನ್ನ ನೋಡೇ ಇಲ್ಲ."