ಸಮರ್ಕಂದದಲ್ಲಿ ಒಂದು ಹಗಲು

ಅಗ್ಗದ ಬೋಗಿಯ ಮರದ ಹಲಗೆಯ ಮೇಲೆ ಕೂತು ಬಂದ ಮುನಿಸಾ ಸಮರ್ಕಂದದಲ್ಲಿ ಇಳಿದಾಗ ಹಸಿವಿಗಿಂತ ಅಳುಕೇ ಹೆಚ್ಚಾಗಿತ್ತು. ಹಗಲಲ್ಲಿ ಊರೆಲ್ಲ ನೋಡಿ ಮುಗಿಸಿ, ಸಂಜೆಯ ರೈಲಿಗೆ ತಾಷ್ಕೆಂಟಿನ ಹಾಸ್ಟೆಲಿಗೆ ಮರಳುವುದೆಂದು ಗೆಳತಿ ಐಚೂರೆಕ್ ತೀರ್ಮಾನಿಸಿದ್ದಳು. ಇಬ್ಬರೂ ವೈದ್ಯಕೀಯ ಓದಲು ಹೊರದೇಶದಿಂದ ಬಂದವರು. ಐಚೂರೆಕ್ ಕಿರ್ಗಿಜ್ ಬೆಟ್ಟಸೀಮೆಯವಳು. ಮುನಿಸಾ ತಾಜಿಕ್ ನಾಡಿನ ಪಂಜಕೆಂಟಿನವಳು.

ಪಂಜಕೆಂಟಿನಿಂದ ಗಡಿ ದಾಟಿದರೆ ಸಮರ್ಕಂದ ಹತ್ತಿರವೇ. ಆದರೂ ಮುನಿಸಾ ಅದನ್ನು ಕಂಡಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಗಡಿ ಮುಚ್ಚಿತು, ಆ ಕಾಲದಲ್ಲೇ ಅಜ್ಜಿ ತೀರಿಕೊಂಡಳು. ಸಮರ್ಕಂದಕ್ಕೆ ಮದುವೆಯಾಗಿ ಹೋಗಿದ್ದ ದೊಡ್ಡಮ್ಮ ಸಾಲೊಮತ್ ಮಣ್ಣಿಗೆ ಬರಲಿಲ್ಲ. ಸಾವಿಗೆ ಬರುವವರನ್ನು ಗಡಿಯಲ್ಲಿ ಬಿಟ್ಟೇ ಬಿಡುತ್ತಾರೆಂದು ಅಮ್ಮ ನಂಬಿದ್ದಳು. ಗಡಿ ತೆರೆದು ವರ್ಷಗಳಾದರೂ ಅಮ್ಮ ಅಕ್ಕನ ಹೆಸರೆತ್ತಿರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಊರು ನೋಡು, ಬೇಡ ಅನ್ನಲ್ಲ. ಅವಳ ಹೊಸಿಲು ಮಾತ್ರ ತುಳೀಬೇಡ.”

ಐಚೂರೆಕ್ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡುತ್ತಿದ್ದಳು. ಟಿಕೆಟ್ ಕೇಳುವಲ್ಲಿ ಬೇಲಿಯಾಚೆಯಿಂದಲೇ ನೀಲಿ ಗುಮ್ಮಟ ನೋಡಿ, ಒಂದು ಫೋಟೋ ತೆಗೆದು, ಮುಂದಕ್ಕೆ. ಮಧ್ಯಾಹ್ನ ಸಿಯೊಬ್ ಸಂತೆಯಲ್ಲಿ ನಿಂತುಕೊಂಡೇ ಸಮ್ಸಾ ತಿಂದ ಮೇಲೆ ಮುನಿಸಾಳ ಕಾಲು ಕದಲಲಿಲ್ಲ. ದೊಡ್ಡಪ್ಪನ ಮನೆತನದವರು ಈ ಸಂತೆಯ ಹಿಂದಿನ ಓಣಿಯಲ್ಲಿ ರೊಟ್ಟಿ ಸುಡುವವರೆಂದು ಅಜ್ಜಿ ಹೇಳುತ್ತಿದ್ದಳು. ತಾನು ಅಲ್ಲಿಗೆ ಹೋಗಿಬರುತ್ತೇನೆಂದಾಗ ಐಚೂರೆಕ್ ಸಿಡುಕಿದಳು.

“ರೆಗಿಸ್ತಾನ್ ಚೌಕ ಬಿಟ್ಟು ಓಣಿ ನೋಡ್ತೀಯಾ? ಇದಕ್ಕೇನಾ ರೈಲು ಹತ್ತಿದ್ದು?” ಎಂದವಳೇ ಒಬ್ಬಳೇ ಹೊರಟಳು.

ರೊಟ್ಟಿಯವರ ಮನೆ ಕೇಳಿದ ಕೂಡಲೇ ಸಿಕ್ಕಿತು. ಬಾಗಿಲು ತೆರೆದವಳು ಸಾಲೊಮತ್. ಮುನಿಸಾಳನ್ನು ನೋಡುತ್ತಲೇ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಹುಡುಗಿಯ ಮುಖ ಅಚ್ಚು ಅಜ್ಜಿಯದೇ. ಹೆಸರು ಕೇಳಲಿಲ್ಲ, ಅಪ್ಪಿಕೊಂಡು ಒಳಗೆ ಕರೆದೊಯ್ದಳು. ಅಂಗಳದ ಹಲಗೆ ಮಂಚದ ಮೇಲೆ ಕೂರಿಸಿ ಚಹಾ ಬಗ್ಗಿಸುವಾಗ ಪಿಂಗಾಣಿ ಬಟ್ಟಲು ಗಲಗಲ ಅಂದಿತು.

ಬಹಳ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಮುನಿಸಾ ಕೇಳಿಯೇಬಿಟ್ಟಳು: “ಅಜ್ಜಿ ಮಣ್ಣಿಗೆ ಯಾಕೆ ಬರ್ಲಿಲ್ಲ ದೊಡ್ಡಮ್ಮ?”

“ಬಂದಿದ್ದೆ ಮಗಳೇ. ಗಡಿ ತನಕ ಬಂದಿದ್ದೆ. ಅನುಮತಿ ಕಾಗದ ಇಲ್ಲದೆ ಬಿಡಕ್ಕಾಗಲ್ಲ ಅಂದ್ರು. ತಂತಿಬೇಲಿ ಹತ್ರ ಕತ್ತಲಾಗೋ ತನಕ ಕೂತಿದ್ದೆ.”

“ಅಮ್ಮಂಗೆ ಹೇಳ್ಬೇಕಿತ್ತಲ್ವಾ?”

“ಫೋನ್ ಮಾಡ್ದೆ. ಬಾಯಿ ತೆರೆಯೋಕ್ ಮುಂಚೆನೇ, ಹೆತ್ತವಳಿಗಿಂತ ಗಂಡನ ಮನೆ ಹೆಚ್ಚಾಯ್ತೇನೇ ಅಂದ್ಲು. ಆ ಮಾತು ಕೇಳಿದ್ಮೇಲೆ ನಂಗೂ ಹಠ ಬಂತು. ಹಂಗೇ ಅಂದ್ಕೊಂಡಿರ್ಲಿ ಅಂತ ಬಿಟ್ಟೆ.”

ಮುನಿಸಾಳ ಕಣ್ಣು ದೊಡ್ಡಮ್ಮನ ಬಲಗೈ ಮೇಲಿತ್ತು. ಮಡಿಲಲ್ಲಿ ಸುಮ್ಮನಿಟ್ಟಾಗಲೂ ಅದು ನಡುಗುತ್ತಿತ್ತು. ನಡೆವಾಗ ಪಾದ ಎಳೆಯುತ್ತಿದ್ದಳು, ಮುಖದ ಮೇಲೆ ನಗು ಮೂಡಲು ತಡವಾಗುತ್ತಿತ್ತು. ಇದು ನರದ ಕಾಯಿಲೆ, ವಾಸಿಯಾಗುವುದಲ್ಲವೆಂದು ಹುಡುಗಿ ತರಗತಿಯಲ್ಲಿ ಕಲಿತಿದ್ದಳು. ಡಾಕ್ಟರಿಗೆ ತೋರಿಸಿದ್ದೀರಾ ಎಂದರೆ ವಯಸ್ಸಾಯಿತೆಂದು ಸಾಲೊಮತ್ ಮಾತು ಮರೆಸಿದಳು.

ಸ್ಟೇಷನ್ನಿನಲ್ಲಿ ಐಚೂರೆಕ್ ಮುಖ ಊದಿಸಿಕೊಂಡು ಕಾಯುತ್ತಿದ್ದಳು. ಮುನಿಸಾಳ ಅತ್ತ ಕಣ್ಣು ಕಂಡ ಮೇಲೆ ಪಕ್ಕದಲ್ಲಿ ಜಾಗ ಬಿಟ್ಟಳು. ರೈಲು ಹೊರಟ ಮೇಲೆ ಮುನಿಸಾ ಅಮ್ಮನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಅಮ್ಮ ಬೈದಳು, ಮಾತು ಮೀರಿದವಳು ನನ್ನ ಮಗಳೇ ಅಲ್ಲ ಎಂದಳು. ತಂತಿಬೇಲಿಯ ಮಾತು ಬಂದಾಗ ಬೈಯುವುದನ್ನು ಬಿಟ್ಟಳು. ಕಾಯಿಲೆಯ ವಿಷಯ ಬಂದಾಗ ಕೇಳಿದ್ದು ಒಂದೇ ಮಾತು.

“ಯಾವ ಕೈ ನಡುಗುತ್ತೆ?”

“ಬಲಗೈ, ಅಮ್ಮ.”

ಅಮ್ಮ ಫೋನ್ ಇಟ್ಟುಬಿಟ್ಟಳು.

ಅಮ್ಮ ಅಕ್ಕನನ್ನು ನೋಡಲು ಆ ವಾರ ಹೋಗಲಿಲ್ಲ, ಆ ತಿಂಗಳೂ ಹೋಗಲಿಲ್ಲ. ಇಡೀ ಚಳಿಗಾಲ ಮುನಿಸಾ ಓದಲು ಕೂತರೆ ಆ ಬಟ್ಟಲಿನ ಸದ್ದೇ ಕಿವಿಯಲ್ಲಿ. ವಸಂತದ ನವ್ರೂಜ್ ಹಬ್ಬಕ್ಕೆ ಕೊನೆಗೂ ಅಮ್ಮ ಗಡಿ ದಾಟಿದಳು. ಅಷ್ಟರಲ್ಲಿ ಸಾಲೊಮತ್ ಕೈಯಲ್ಲಿ ಚಮಚ ನಿಲ್ಲುತ್ತಿರಲಿಲ್ಲ. ಅಕ್ಕತಂಗಿಯರು ಅವತ್ತು ಬಾಯ್ತುಂಬ ಜಗಳವಾಡಿದರಂತೆ. ಆಮೇಲೆ ತಂಗಿಯೇ ಅಕ್ಕನಿಗೆ ಊಟ ಮಾಡಿಸಿದಳಂತೆ. ಅಜ್ಜಿಯ ಸಾವಿನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲವೆಂದು ಅಮ್ಮ ಆಮೇಲೆ ಮಗಳಿಗೆ ಹೇಳಿದಳು.