ಅತ್ತೆಯ ಮೇಲ್ ಖಾತೆ

ಅತ್ತೆಯ ಅಂಗಡಿಯಲ್ಲಿ ನಾವು ವಿಗ್ ಮಾಡುತ್ತೇವೆ. ನಾಟಕದವರಿಗಲ್ಲ, ಕಾಯಿಲೆಯ ಚಿಕಿತ್ಸೆಯಿಂದ ಕೂದಲು ಉದುರಿದ ಹೆಂಗಸರಿಗೆ. ತಲೆಯ ಅಳತೆಗೆ ಹೊಲಿದ ಜಾಲರಿಗೆ ಕೊಕ್ಕೆಸೂಜಿಯಿಂದ ಕೂದಲನ್ನು ಒಂದೊಂದಾಗಿ ಗಂಟು ಹಾಕಬೇಕು. ಶಾಲೆ ಬಿಟ್ಟ ಮೇಲೆ ನಾನು ಕಲಿತದ್ದು ಇದೊಂದೇ. ಬಾಯಿ ತೆರೆಯದೆ ಮಾಡಬಹುದಾದ ಕೆಲಸವಾದ್ದರಿಂದ ನನಗೆ ಹಿಡಿಸಿತು. ಫೋನ್ ಹೊಡೆದುಕೊಂಡರೆ ನಾನು ಎತ್ತುವುದಿಲ್ಲ. ಸುಮ್ಮನೆ ಕೂತು ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತೇನೆಂದು ಅತ್ತೆ ನನ್ನನ್ನು ಕರೆಯುವುದೇ ಗೂಬೆ ಎಂದು.

ನಮ್ಮಲ್ಲಿಗೆ ಬರುವವರು ಮೊದಲು ಎರಡು ಫೋಟೊ ಮೇಲ್ ಮಾಡುತ್ತಾರೆ. ಕೂದಲಿದ್ದಾಗಿನದೊಂದು, ಈಗಿನದೊಂದು. ಮೊದಲನೆಯದರಿಂದ ಬಣ್ಣ, ಬೈತಲೆ, ಹಣೆಯ ಅಂಚು ತಿಳಿಯುತ್ತದೆ. ಎರಡನೆಯದರಿಂದ ತಲೆಯ ಆಕಾರ. ಆ ಎರಡನೆಯ ಫೋಟೊವನ್ನು ಎಷ್ಟೋ ಜನ ಗಂಡನಿಗೂ ತೋರಿಸಿರುವುದಿಲ್ಲ. ನಾನು ಮತ್ತು ಈ ಹುಡುಗಿ ಬಿಟ್ಟು ಮೂರನೆಯವರು ನೋಡುವುದಿಲ್ಲ ಎಂದು ಅತ್ತೆ ಪ್ರತಿಯೊಬ್ಬರಿಗೂ ಮಾತು ಕೊಡುತ್ತಾಳೆ. ಅಂಗಡಿ ನಿಂತಿರುವುದೇ ಆ ಮಾತಿನ ಮೇಲೆ.

ಅತ್ತೆಯ ಹಳೆಯ ಮೇಲ್ ಖಾತೆ ಫೋಟೊಗಳಿಂದ ತುಂಬುತ್ತ ಬಂದಿತ್ತು. ಅಂದು ಬೆಳಿಗ್ಗೆ ನಾನು ಹೊಸದೊಂದು ಖಾತೆ ತೆರೆದೆ. ಹಳೆಯದನ್ನು ಅದಕ್ಕೆ ಜೋಡಿಸಿದರೆ ಅಲ್ಲಿಗೆ ಬಂದ ಮೇಲ್ ಇಲ್ಲಿಯೂ ಸಿಗುತ್ತದೆ. ಈ ಕೆಲಸಕ್ಕೆ ಹೊಸಬಳಾದ್ದರಿಂದ ಎರಡೂ ಖಾತೆಗಳ ಸೆಟ್ಟಿಂಗ್ಸ್ ಪುಟಗಳನ್ನು ಸಾಲುಸಾಲಾಗಿ ಓದಿದೆ. ಬಂದ ಮೇಲನ್ನು ಬೇರೆ ವಿಳಾಸಕ್ಕೆ ತಾನಾಗಿ ಕಳಿಸುವ ಒಂದು ಜಾಗ ಹಳೆಯ ಖಾತೆಯಲ್ಲಿತ್ತು, ಖಾಲಿಯಾಗಿತ್ತು. ನಾನು ಅದನ್ನು ಮುಟ್ಟದೆ, ಹೊಸ ಖಾತೆಯ ಕಡೆಯಿಂದ ಜೋಡಣೆಗೆ ಕೋರಿದೆ. ಖಾತೆ ನಿಮ್ಮದೇ ಎಂದು ತಿಳಿಯಲು ಹಳೆಯ ವಿಳಾಸಕ್ಕೊಂದು ಮೇಲ್ ಬರುತ್ತದೆ ಎಂದು ಸ್ಕ್ರೀನ್ ಹೇಳಿತು.

ಅಷ್ಟರಲ್ಲಿ ನಮ್ಮಲ್ಲಿ ವಿಗ್ ಮಾಡಿಸುತ್ತಿದ್ದ ಶಾಲೆಯ ಟೀಚರೊಬ್ಬರು ಬಂದರು. ಮೇಲ್ ಬಂದರೆ ಕೂಗು ಎಂದು ಅತ್ತೆಗೆ ಹೇಳಿ ಎದ್ದೆ.

ಟೀಚರ್ ಕೊನೆಯ ಅಳತೆಗೆ ಬಂದಿದ್ದರು. ಶಾಲೆಯಲ್ಲಿ ಯಾರಿಗೂ ಕಾಯಿಲೆಯ ಸುದ್ದಿ ಗೊತ್ತಿಲ್ಲ. ರಜೆ ಮುಗಿದು ಮರುದಿನ ತರಗತಿಗೆ ಹೋಗಬೇಕು. ಪರದೆಯ ಹಿಂದೆ ಕನ್ನಡಿಯ ಮುಂದೆ ಅವರನ್ನು ಕೂರಿಸಿ, ವಿಗ್ ತೊಡಿಸಿ, ಕಿವಿಯ ಬಳಿ ಸಡಿಲವಿದ್ದ ಕಡೆ ಪಿನ್ ಹಾಕತೊಡಗಿದೆ. ಕೊನೆಯ ಬೆಂಚಿನ ಹುಡುಗರ ಕಣ್ಣಿಗೆ ಇದು ಪಾಸಾದರೆ ಇನ್ಯಾವ ಪರೀಕ್ಷೆಯೂ ಬೇಡ ಎಂದು ಅವರು ನಗುತ್ತಿದ್ದರು.

"ಬಂತು ಕಣೇ ಗೂಬೆ," ಅತ್ತೆಯ ದನಿ ಕೇಳಿಸಿತು. "ನೀನೇನೂ ಬರ್ಬೇಡ, ನಾನೇ ಮುಗಿಸ್ದೆ. ಪಾಸ್‌ವರ್ಡ್ ಕೇಳ್ತು, ಕೊಟ್ಟೆ."

ನನ್ನ ಕೈಯಲ್ಲಿದ್ದ ಪಿನ್ ಅಲ್ಲೇ ನಿಂತಿತು. ಟೀಚರಿಗೆ ಒಂದು ನಿಮಿಷ ಎಂದು ಹೇಳಿ ಹೊರಗೆ ಹೋದೆ. ಸ್ಕ್ರೀನಿನ ಮೇಲೆ "ಧನ್ಯವಾದಗಳು" ಎಂದಿತ್ತು. ನಾನು ನೋಡುತ್ತಿದ್ದಂತೆಯೇ ಹಳೆಯ ಖಾತೆಗೆ ಇನ್ನೊಂದು ಮೇಲ್ ಬಂದು ಬಿತ್ತು. ಅದರಲ್ಲಿ ನಾನು ಜೋಡಿಸಲು ಹೊರಟಿದ್ದ ಹೊಸ ವಿಳಾಸವಿತ್ತು, ಖಚಿತಪಡಿಸುವ ಒಂದು ಸಂಖ್ಯೆಯಿತ್ತು. ಪಾಸ್‌ವರ್ಡಿನ ಮಾತೇ ಇರಲಿಲ್ಲ.

ನಾನು ಕೇಳಿದ್ದು ಒಂದು. ಉತ್ತರ ಎರಡು.

ಮೊದಲು ಬಂದದ್ದನ್ನು ತೆರೆದೆ. "ಪ್ರಿಯ ಗ್ರಾಹಕರೇ, ನಿಮ್ಮ ಖಾತೆ ತುಂಬಿದೆ. ಕೂಡಲೇ ಖಚಿತಪಡಿಸದಿದ್ದರೆ ಸಂಜೆಯೊಳಗೆ ಎಲ್ಲವನ್ನೂ ಅಳಿಸಲಾಗುವುದು." ಖಾತೆ ತುಂಬುತ್ತ ಬಂದದ್ದು ನಿಜವೇ ಆಗಿದ್ದರಿಂದ ಅತ್ತೆ ಹೆದರಿದ್ದಳು. ಕಳಿಸಿದವರ ಹೆಸರು ಕಂಪನಿಯದೇ. ವಿಗ್ಗನ್ನು ಕೊಳ್ಳುವವರು ಮೇಲಿಂದ ನೋಡುತ್ತಾರೆ, ನಾವು ಮಗುಚಿ ಒಳಗಿನ ಗಂಟು ನೋಡುತ್ತೇವೆ. ಹೆಸರಿನ ಮೇಲೆ ಒತ್ತಿದೆ. ಹಿಂದಿದ್ದ ವಿಳಾಸದಲ್ಲಿ ಕಂಪನಿಯ ಹೆಸರಿನ ಸುಳಿವೂ ಇಲ್ಲ, ಅಕ್ಷರ ಅಂಕಿಗಳ ಕಲಸುಮೇಲೋಗರ.

ಟೀಚರ್ ಪರದೆಯಾಚೆ ಕೂತಿದ್ದರು. ಅತ್ತೆಯ ಕಿವಿಗೆ ಬಾಯಿ ಹಚ್ಚಿ, ಇದು ಕಳ್ಳರ ಮೇಲ್, ಪಾಸ್‌ವರ್ಡ್ ಅವರ ಕೈಗೆ ಹೋಯಿತು ಎಂದೆ. ಅತ್ತೆ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದು ನನಗೆ ಜಾಗ ಬಿಟ್ಟಳು.

ಪಾಸ್‌ವರ್ಡ್ ಬದಲಿಸಿದೆ. ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಪುಟಕ್ಕೆ ಹೋದರೆ, ನಮ್ಮ ಕಂಪ್ಯೂಟರಿನ ಕೆಳಗೆ ಇನ್ನೊಂದಿತ್ತು. ನಮ್ಮದಲ್ಲ. ಯಾರೋ ಒಳಗಿದ್ದರು. ಎಲ್ಲ ಕಡೆಯಿಂದ ಹೊರಗೆ ಹಾಕುವ ಗುಂಡಿ ಒತ್ತಿದೆ. ಆ ಸಾಲು ಮಾಯವಾಯಿತು. ಅತ್ತೆ ಉಸಿರು ಬಿಟ್ಟಳು. ನನಗೆ ಮಾತ್ರ ಬೆಳಿಗ್ಗೆ ಕಂಡ ಆ ಖಾಲಿ ಜಾಗ ನೆನಪಾಯಿತು. ಹೋಗಿ ನೋಡಿದೆ. ಅದೀಗ ಖಾಲಿ ಇರಲಿಲ್ಲ, ಗೊತ್ತಿಲ್ಲದ ವಿಳಾಸವೊಂದು ಕೂತಿತ್ತು. ನಾವು ನಮ್ಮ ಖಾತೆ ಜೋಡಿಸುವ ಮೊದಲೇ ಅವರು ತಮ್ಮದನ್ನು ಜೋಡಿಸಿಕೊಂಡಿದ್ದರು. ಮುಂದೆ ಬರುವ ಪ್ರತಿಯೊಬ್ಬಳ ಫೋಟೊವೂ ಅಲ್ಲಿಗೆ ಹೋಗುತ್ತಿತ್ತು. ಅಳಿಸಿದೆ.

ಮುಂದಿನದಕ್ಕೆ ಬಾಗಿಲು ಹಾಕಿದ್ದಾಯಿತು. ಹಿಂದಿನದು ಎಷ್ಟು ಹೋಯಿತೋ ತಿಳಿಯುವ ದಾರಿ ಇರಲಿಲ್ಲ.

"ಟೀಚರ್‌ಗೆ ಹೇಳ್ಬೇಡ," ಅತ್ತೆ ಪಿಸುಗುಟ್ಟಿದಳು. "ನಾಳೆ ಸ್ಕೂಲಿಗೆ ಹೋಗೋರು."

ನಾನು ಪರದೆಯ ಹಿಂದೆ ಹೋಗಿ ಮತ್ತೆ ಪಿನ್ ಹಿಡಿದೆ. ಟೀಚರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಏನಾಯ್ತಮ್ಮ? ಹಾಕಿದ ಕಡೆಗೇ ಮತ್ತೆ ಹಾಕ್ತಿದೀಯ."

ಅತ್ತೆ ಪರದೆ ಸರಿಸಿ ನಿಂತದ್ದು ಕನ್ನಡಿಯಲ್ಲಿ ಕಂಡಿತು. ಕಣ್ಣಲ್ಲೇ ಬೇಡ ಎಂದಳು. ಮಾತಾಡದಿರುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಅತ್ತೆ ಕೊಟ್ಟ ಮಾತಿನಲ್ಲಿ ನಾನೂ ಇದ್ದೆ.

"ನಿಮ್ಮ ಫೋಟೊ ಇದ್ದ ಖಾತೆಗೆ ಯಾರೋ ನುಗ್ಗಿದ್ರು ಟೀಚರ್. ಈಗ ಹೊರಗೆ ಹಾಕಿದೀವಿ. ಏನೇನು ತಗೊಂಡ್ರೋ ಗೊತ್ತಿಲ್ಲ."

"ತಪ್ಪು ನಂದು," ಅತ್ತೆ ಅಂದಳು. "ಅವಳದಲ್ಲ."

ಟೀಚರ್ ವಿಗ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದರ ಬೈತಲೆ ಸವರಿದರು. ಆಮೇಲೆ, ಎಲ್ಲರ ಫೋಟೊವೂ ಆ ಖಾತೆಯಲ್ಲಿದೆಯೇ ಎಂದು ಕೇಳಿದರು. ಅತ್ತೆ ಹೌದೆಂದು ತಲೆಯಾಡಿಸಿ, ಈಗಲೇ ಎಲ್ಲರಿಗೂ ಮೇಲ್ ಮಾಡುತ್ತೇನೆ ಎಂದು ಕಂಪ್ಯೂಟರಿನ ಕಡೆ ತಿರುಗಿದಳು.

"ಮೇಲ್ ಬೇಡ ರೀ. ಖಾತೆಗೆ ಕಳ್ಳರು ಬಿದ್ದಿದ್ದಾರೆ ಅಂತ ನಂಗೆ ಮೇಲ್ ಬಂದ್ರೆ ಅದೇ ಕಳ್ಳರದು ಅಂತೀನಿ. ಫೋನ್ ಮಾಡಿ." ಅವರು ವಿಗ್ಗನ್ನು ನನ್ನ ಕೈಗೆ ಕೊಟ್ಟರು. "ಆಮೇಲೆ ಈ ಕಿವಿ ಹತ್ರ ಸರಿಮಾಡ್ಕೊಡಿ. ನಾಳೆ ನಾನು ಹೋಗ್ಲೇಬೇಕು."

ಅತ್ತೆ ಮೊದಲ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಬೈಯುವುದು ನನ್ನವರೆಗೆ ಕೇಳಿಸುತ್ತಿತ್ತು. ಅತ್ತೆ ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡಳು. ಟೀಚರ್ ತಮ್ಮ ಫೋನನ್ನು ನನ್ನ ಕಡೆ ಚಾಚಿದರು.

ಗಿರಾಕಿಗಳ ಪಟ್ಟಿಯಲ್ಲಿ ಮುಂದಿದ್ದವರ ನಂಬರ್ ಒತ್ತಿದೆ. ಆ ಕಡೆಯವರು ಬೇಗ ಎತ್ತಿಬಿಟ್ಟರು.

"ನಾನು ವಿಗ್ ಅಂಗಡಿ ಹುಡುಗಿ," ಎಂದೆ. "ನಿಮ್ಮಿಂದ ಏನೂ ಕೇಳಲ್ಲ. ಹೇಳೋದಿದೆ."