ಕತ್ತಿ ನಿಲ್ಲಿಸುವ ಗುಂಡಿ

ನನ್ನ ಗಂಡ ಹೋದ ಮೇಲೂ ಅವರ ಚರ್ಮ ಕತ್ತರಿಸುವ ಯಂತ್ರ ಥೇಟ್ ಅವರಂತೆಯೇ ಗುರುಗುಟ್ಟುತ್ತಿತ್ತು. ಅವರಿಗಿಂತ ವಾಸಿ, ಹೇಳಿದ ಕೆಲಸ ಮಾಡುತ್ತಿತ್ತು. ಅದನ್ನು ಆಡಿಸುತ್ತಿದ್ದ ಕಂಪ್ಯೂಟರ್ ಮಾತ್ರ ನನಗಿಂತ ಮುದಿ. ಒಂದು ಬೆಳಿಗ್ಗೆ ಹೊಗೆಯುಗುಳಿ ಕಣ್ಣು ಮುಚ್ಚಿತು.

"ಯಂತ್ರಾನೂ ಗುಜರಿಗೆ ಹಾಕಣ" ಅಂದ ಮಗ. ಬೀದಿಯವರೆಲ್ಲ ಅವನನ್ನು ಗೂಳಿ ಅನ್ನುತ್ತಾರೆ; ಅವನ ಕತ್ತು ಕಂಡರೆ ನಿಜವಾದ ಗೂಳಿಯೂ ನಾಚಿ ಮೂಲೆಗೆ ಸರಿಯಬೇಕು. ಯಂತ್ರವಿದ್ದ ನಮ್ಮ ಅಂಗಡಿ ಖಾಲಿ ಮಾಡಿ ಬಾಡಿಗೆಗೆ ಕೊಡುವುದು ಅವನ ಆಸೆ. ಆದರೆ ಮಗಳು ಮೆಣಸಿ ಹೊಲಿಯುವ ಚೀಲಗಳಿಗೆ ಚರ್ಮ ಕತ್ತರಿಸುತ್ತಿದ್ದದ್ದೇ ಆ ಯಂತ್ರ. ಅದು ಹೋದರೆ ಅವಳ ಕಸುಬೇ ಹೋದಂತೆ.

"ಯಂತ್ರ ಆಡಿಸೋ ಅಪ್ಪನ ಪ್ರೋಗ್ರಾಂ ಕಾಪಿ ಇದೆ, ಅದನ್ನ ನನ್ನ ಲ್ಯಾಪ್‌ಟಾಪಲ್ಲಿ ಓಡಿಸ್ತೀನಿ, ಅಣ್ಣ."

"ಅದು ಬೇರೆ ಸಿಸ್ಟಮ್ಮಿಗೆ ಮಾಡಿದ್ದು ಕಣೇ. ನಿಂದ್ರಲ್ಲಿ ಕೆಮ್ಮೋದೂ ಇಲ್ಲ."

"ಮಧ್ಯ ಇನ್ನೊಂದು ಪ್ರೋಗ್ರಾಂ ಕೂರಿಸ್ತೀನಿ. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ದಾಟಿಸುತ್ತೆ. ಹಳೇದು ತನ್ನ ಮನೇಲೇ ಇದೀನಿ ಅಂದ್ಕೊಂಡು ಕೆಲಸ ಮಾಡುತ್ತೆ."

"ಸಂಜೆಯೊಳಗೆ ಓಡಬೇಕು. ಇಲ್ಲಾಂದ್ರೆ ಗುಜರಿ."

ಮಧ್ಯಾಹ್ನಕ್ಕೇ ಓಡಿತು. ಪರದೆಯ ಮೇಲೆ ನನ್ನ ಗಂಡನ ಕಾಲದ ಹಸಿರು ಅಕ್ಷರಗಳು ಮೂಡಿ, ಕತ್ತಿ ಚರ್ಮದ ಮೇಲೆ ಸರ್ರನೆ ಹೊರಟಿತು. ಮೆಣಸಿ ಕುಣಿದ ಕುಣಿತಕ್ಕೆ ನೆಲ ಇನ್ನೂ ತಗ್ಗಾಗಿದೆ. ಗೂಳಿಯ ಮುಖ ಮಾತ್ರ ಕಪ್ಪಿಟ್ಟಿತು. ಅಂಗಡಿಗೆ ಆಗಲೇ ಬಾಡಿಗೆಯವರನ್ನು ಒಪ್ಪಿಸಿ ಬಂದಿದ್ದನಂತೆ.

ಸುತ್ತಿಗೆ ಎತ್ತಿಕೊಂಡು ಲ್ಯಾಪ್‌ಟಾಪಿನತ್ತ ನುಗ್ಗಿದ. ಅವಳು ಅವನ ಕೂದಲಿಗೆ ಜೋತುಬಿದ್ದಳು. ಅವನು ಮೊಣಕೈಯಿಂದ ತಿವಿದ. ಅವಳ ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಅವಳು ಅವನ ತೋಳಿಗೆ ಹಲ್ಲು ಊರಿದಳು. ಅವನು ಅರಚಿದ ಸದ್ದಿಗೆ ಮೂರು ಊರಿನ ನಾಯಿಗಳು ಬೊಗಳಿರಬೇಕು.

"ಬಿಡೇ, ರಾಕ್ಷಸಿ!"

"ನೀನು ಮೊದಲು ಸುತ್ತಿಗೆ ಬಿಡೋ, ಮನೆಹಾಳ!"

ಸುತ್ತಿಗೆ ಬಿತ್ತು. ಅವಳು ನೂಕಿದಳು. ಗೂಳಿ ಯಂತ್ರದ ಮೇಜಿನ ಮೇಲೆ ದೊಪ್ಪನೆ ಒರಗಿದ, ತೋಳಿನ ಬಟ್ಟೆ ಹಲ್ಲುಚಕ್ರಕ್ಕೆ ಸಿಕ್ಕಿತು. ಕತ್ತಿ ಅವನ ಕೈಯ ಕಡೆಗೇ ಹೊರಳಿತು.

ಯಂತ್ರ ನಿಲ್ಲಿಸುವ ಕೆಂಪು ಸ್ವಿಚ್ಚು ಮುರಿದು ಎಷ್ಟೋ ಕಾಲವಾಗಿತ್ತು. ಪ್ಲಗ್ಗು ಹಿಂದಿನ ಗೋಡೆಯಲ್ಲಿ. ನಡುವೆ ಗೂಳಿಯ ಮೈ. ಕೀಬೋರ್ಡಿನ ಮೇಲ್ಸಾಲಿನ ತುದಿಯ ಗುಂಡಿ ಒತ್ತಿ ಕತ್ತಿ ನಿಲ್ಲಿಸುವುದೇ ನಮ್ಮಲ್ಲಿ ರೂಢಿ. ಓಡಿಹೋಗಿ ಒತ್ತಿದೆ. ಹಸಿರು ಅಕ್ಷರಗಳು ಮಾಯವಾಗಿ, ಮೆಣಸಿ ಲ್ಯಾಪ್‌ಟಾಪಿನ ಪರದೆಗೆ ಹಾಕಿಕೊಂಡಿದ್ದ ನಾಯಿಮರಿಯ ಚಿತ್ರ ಬಂತು. ಕತ್ತಿ ನಿಲ್ಲಲಿಲ್ಲ.

"ಅಮ್ಮಾ! ಆ ಗುಂಡೀನ ಹೊಸ ಸಿಸ್ಟಮ್ಮೇ ನುಂಗ್ಕೊಳ್ಳುತ್ತೆ! ಪರದೆ ಮರೆಯಾಗುತ್ತೆ ಅಷ್ಟೇ, ಒಳಗೆ ಅಪ್ಪಂದು ಓಡ್ತಾನೇ ಇರುತ್ತೆ! ಅಯ್ಯೋ, ಅದನ್ನ ಬದಲಾಯಿಸೋದು ಮರೆತೆ!"

ಗೂಳಿಯ ಕಿರುಬೆರಳು ಹಾರಿ ಚರ್ಮದ ಮೇಲೆ ಬಿತ್ತು. ಕತ್ತಿ ಮುಂದಿನ ಬೆರಳಿಗೆ ತಿರುಗಿತು. ನಾನು ಸುತ್ತಿಗೆ ಎತ್ತಿ ಕತ್ತಿ ಹಿಡಿದ ಕಬ್ಬಿಣದ ತೋಳಿಗೆ ಬೀಸಿದೆ. ಬಗ್ಗಲಿಲ್ಲ. ಮದುವೆಯಾದಾಗಿನಿಂದ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಸೇರಿಸಿ ಬಡಿದೆ, ಮತ್ತೆ ಬಡಿದೆ. ಕಿಡಿ ಹಾರಿತು, ಹಲ್ಲುಚಕ್ರ ಒಡೆಯಿತು, ತೋಳು ಮುರಿದು ನೇತಾಡಿತು. ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು. ಅದನ್ನಿನ್ನು ಯಾರಿಂದಲೂ ಎಬ್ಬಿಸಲಾಗುತ್ತಿರಲಿಲ್ಲ.

ಮೆಣಸಿ ತನ್ನ ದುಪಟ್ಟಾ ಹರಿದು ಅಣ್ಣನ ಕೈಗೆ ಸುತ್ತತೊಡಗಿದಳು. ಅವಳ ಕಣ್ಣೀರೂ ತುಟಿಯ ರಕ್ತವೂ ಒಂದಾಗಿ ಅವನ ಮೇಲೆ ತೊಟ್ಟಿಕ್ಕುತ್ತಿದ್ದವು.

"ಅಳಬೇಡ ಕಣೇ, ಸಾಯಲ್ಲ ನಾನು" ಅಂದ ಗೂಳಿ.

"ನಿಂಗ್ಯಾರೋ ಅಳ್ತಿರೋದು?" ಅಂದು ಗಂಟನ್ನು ಅವನು ಕಿರುಚುವಷ್ಟು ಬಿಗಿಯಾಗಿ ಎಳೆದಳು.